ಬೆಳ್ಳುಳ್ಳಿ ಎಣ್ಣೆಯ ಸೆಂಟರ್ ಫಾರ್ವರ್ಡ್

ಮೊನ್ನೆ ಬೆಳಿಗ್ಗೆ ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತಿದ್ದಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಹಾಕಿ ಕಪ್ಪಗಾಗುವವರೆಗೆ ಕಾಯಿಸಿ, ಕೊನೆಗೆ ಒಂದಿಷ್ಟು ಕರ್ಪೂರ ಪುಡಿ ಮಾಡಿ ಉದುರಿಸಿದರೆ ಬರುವ ವಾಸನೆ. ಅರ್ಧ ಅಡಿಗೆಮನೆ, ಅರ್ಧ ದೇವರಮನೆ. ಹೈದರಾಬಾದಿನ ನಾರಾಯಣಗೂಡದ ಈ ಓಣಿಯಲ್ಲಿ ಬೆಳಗಾಗೆದ್ದು ಏನೇನು ವಾಸನೆ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಇಡ್ಲಿ ಗಾಡಿಯ ಹಬೆ, ಜೆರಾಕ್ಸ್ ಅಂಗಡಿಯ ಬಿಸಿ ಕಾಗದ, ಕೋಚಿಂಗ್ ಸೆಂಟರಿನ ಹುಡುಗರ ತಲೆಯೆಣ್ಣೆ. ಇದು ಅವ್ಯಾವುದೂ ಅಲ್ಲ. ಇದನ್ನು ಮೂಸಿ ಇಪ್ಪತ್ತು ವರ್ಷ ಆಗಿರಬೇಕು... ಯಾರ್ರೀ ಅದು ಬೆಳ್ಳುಳ್ಳಿ ಮೆತ್ತಿಕೊಂಡು ಬಂದೋರು ಎಂದು ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು.

ಮೇಲೆ ಬೆಂಚಿನಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗಿಯೊಬ್ಬಳು ಊರುಗೋಲುಗಳನ್ನು ಗೋಡೆಗೆ ಒರಗಿಸಿ ಕೂತಿದ್ದಳು. ಬಲ ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ವಾಸನೆ ಬರುತ್ತಿದ್ದುದು ಅಲ್ಲಿಂದ. ಅವಳ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಈ ವಾಸನೆಯನ್ನು ಇಲ್ಲಿಗೆ ತಂದವರ ವಿಷಯ ಹೇಳದೆ ಇದ್ದರೆ ನನಗೇ ಸಮಾಧಾನವಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಫಿಸಿಯೋಥೆರಪಿ ಓದಿ, ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದಾಗ ಈ ಊರಿಗೆ ಐಟಿಯ ಹುಚ್ಚು ಹಿಡಿದಿತ್ತು. ಊರ ಪಶ್ಚಿಮದ ಬಂಡೆಗಳನ್ನೆಲ್ಲ ಸಿಡಿಸಿ ಗಾಜಿನ ಕಟ್ಟಡ ಏಳಿಸುತ್ತಿದ್ದರು. ನಾರಾಯಣಗೂಡದಲ್ಲಿ ಕಂಪ್ಯೂಟರ್ ಕಲಿಸುತ್ತೇವೆ ಎಂಬ ಬೋರ್ಡಿಲ್ಲದ ಗೋಡೆಯೇ ಇರಲಿಲ್ಲ. ನಾನು ಸೇರಿದ ಕ್ಲಿನಿಕ್ಕಿಗೂ ಅದೇ ಹುಚ್ಚಿನಿಂದ ಊಟ ಸಿಗುತ್ತಿತ್ತು. ಬರುವವರೆಲ್ಲ ಕತ್ತು ಹಿಡಿದುಕೊಂಡವರು, ಮಣಿಕಟ್ಟು ಜೋಮು ಹಿಡಿದವರು, ಮೂವತ್ತಕ್ಕೇ ಸೊಂಟ ಬಗ್ಗಿದವರು. ಮಂಗಳೂರು, ಮೈಸೂರಿನ ಹುಡುಗರೂ ಬಹಳ. ಅವರನ್ನು ಸಾಲಾಗಿ ಮಲಗಿಸಿ, ಗದ್ದಕ್ಕೆ ಪಟ್ಟಿ ಕಟ್ಟಿ, ಕತ್ತು ಎಳೆಯುವ ಯಂತ್ರಕ್ಕೆ ಜೋಡಿಸಿ, "ಅಲುಗಾಡಬೇಡ್ರಿ" ಎಂದು ಗದರಿಸುವುದು ನನ್ನ ಕೆಲಸ. ಗದರಿಸುವುದು ನನಗೆ ಹುಟ್ಟಿನಿಂದ ಬಂದದ್ದು. ನಮ್ಮ ಮನೆಯಲ್ಲಿ ಪ್ರೀತಿಯನ್ನೂ ಬೈದೇ ತೋರಿಸುತ್ತಾರೆ.

ಅಂಥ ಕತ್ತು ನೋವಿನವರ ನಡುವೆ ಒಂದು ದಿನ ಅವರು ಬಂದರು. ಎತ್ತರದ ಆಳು, ಕಪ್ಪು ಮೈ, ಕಿವಿಯ ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು. ಕಂಕುಳಲ್ಲಿ ಊರುಗೋಲು. ಬಲ ಮೊಣಕಾಲಿನ ಒಳಗಿನ ಹುರಿ, ಅಂದರೆ ಲಿಗಮೆಂಟು, ಹರಿದು ಆಪರೇಷನ್ ಆಗಿತ್ತು. ಫೈಲಿನಲ್ಲಿ ಉದ್ಯೋಗ ಎಂಬಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ ಎಂದಿತ್ತು. ನಾನು ನಂಬಿದೆ. ಮಂಚದ ಮೇಲೆ ಮಲಗಿಸಿ ಬಟ್ಟೆ ಬಿಚ್ಚಿ ನೋಡುತ್ತೇನೆ, ಹೊಲಿಗೆಯ ಸುತ್ತ ಚರ್ಮವೆಲ್ಲ ಕೆಂಪಗೆ ಸುಟ್ಟು ಬೊಬ್ಬೆ ಎದ್ದಿದೆ! ಮೇಲೆ ಬೆಳ್ಳುಳ್ಳಿಯ ಸಿಪ್ಪೆ ಬೇರೆ. ನನ್ನ ಪಿತ್ತ ನೆತ್ತಿಗೇರಿತು. ಇದ್ದಬದ್ದ ಹಿಂದಿಯಲ್ಲಿ ಬೈಯುತ್ತ ಮೊಣಕಾಲನ್ನು ಚೂರು ಮಡಿಸಿದೆ.

"ಯವ್ವಾ! ಸತ್ತೆನಬೇ ಯವ್ವಾ!" ಎಂದು ಅವರು ಕೂಗಿದರು.

ಕತ್ತು ಎಳೆಸಿಕೊಳ್ಳುತ್ತಿದ್ದ ಹುಡುಗರೆಲ್ಲ ಮಲಗಿದಲ್ಲೇ ಕಣ್ಣು ಹೊರಳಿಸಿದರು. ದಿನವೆಲ್ಲ ತೆಲುಗು, ಹಿಂದಿ ಮಾತಾಡಿ ನಾಲಿಗೆ ಸೋತಿದ್ದ ನನಗೆ ಆ ಕೂಗು ಕೇಳಿ ಸಿಟ್ಟೆಲ್ಲ ಜರ್ರನೆ ಇಳಿಯಿತು. "ಯಾವ ಊರ್ರಿ ನಿಮ್ದು?" ಎಂದೆ. ಅವರ ಅಪ್ಪ ಯಾದಗಿರಿ ಕಡೆಯಿಂದ ಬಂದು ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿ ದುಡಿದವರು. ಇವರು ಹುಟ್ಟಿ ಬೆಳೆದದ್ದೆಲ್ಲ ಮಲ್ಕಾಜ್‌ಗಿರಿಯಲ್ಲೇ. ಹೊರಗೆ ತೆಲುಗು, ಗೆಳೆಯರ ಜೊತೆ ದಖನಿ ಉರ್ದು, ಮನೆಯೊಳಗೆ ಅವ್ವನ ಜೊತೆ ಮಾತ್ರ ಕನ್ನಡ. ಎಣ್ಣೆಯೂ ಅವ್ವನದೇ. ಚಿಕ್ಕಂದಿನಿಂದ ಮಗ ಆಡಿ ಬಂದ ಕೂಡಲೇ ಕಾಲಿಗೆ ಅದನ್ನು ತಿಕ್ಕುತ್ತಿದ್ದರಂತೆ. ಈಗ ಆಪರೇಷನ್ ಆದ ಹಸಿ ಗಾಯದ ಮೇಲೂ ಧಾರಾಳವಾಗಿ ತಿಕ್ಕಿ, ಬೆಳ್ಳುಳ್ಳಿಯನ್ನೂ ಇಟ್ಟು ಕಟ್ಟಿದ್ದರು.

"ಆಡಿ ಅಂದ್ರ? ಏನು ಆಡ್ತಿದ್ರಿ?"

"ಫುಟ್‌ಬಾಲ್ ರಿ. ಸೆಂಟರ್ ಫಾರ್ವರ್ಡ್."

ಆವತ್ತಿನಿಂದ ನನಗೆ, ನಮ್ಮ ಕ್ಲಿನಿಕ್ಕಿಗೆಲ್ಲ ಅವರು ಸೆಂಟರ್ ಫಾರ್ವರ್ಡ್ ಆದರು. ಈಗಿನವರು ಸ್ಟ್ರೈಕರ್ ಎನ್ನುತ್ತಾರೆ. ಅವರಿಗೆ ಕಲಿಸಿದ ಮುದುಕ ಉಸ್ತಾದರು ಹಳೆಯ ಹೆಸರನ್ನೇ ಹೇಳುತ್ತಿದ್ದರಂತೆ, ಇವರೂ ಅದನ್ನೇ ಉಳಿಸಿಕೊಂಡಿದ್ದರು.

ದಿನ ಬಿಟ್ಟು ದಿನ ಬರುತ್ತಿದ್ದರು. ಕಾಲಿಗೆ ಕರೆಂಟು ಹಚ್ಚಿ ಕೂರಿಸಿದಾಗ ಮಾತಿಗೆ ಸಿಕ್ಕುತ್ತಿದ್ದರು. ಮಲ್ಕಾಜ್‌ಗಿರಿಯ ಹಳಿ ಪಕ್ಕದ ಬಯಲಿನಲ್ಲಿ, ಹಳಿಯಡಿ ಹಾಸುವ ಹಳೆಯ ಮರದ ಸ್ಲೀಪರುಗಳನ್ನು ನೆಟ್ಟು ಗೋಲುಕಂಬ ಮಾಡಿ, ಬರಿಗಾಲಲ್ಲಿ ಆಡಿದ್ದು. ಗೂಡ್ಸು ಗಾಡಿ ಬಂದರೆ ಆಟ ನಿಲ್ಲಿಸಿ ಡಬ್ಬಿ ಎಣಿಸಿದ್ದು. ಉಸ್ತಾದರ ಕಣ್ಣಿಗೆ ಬಿದ್ದದ್ದು, ಆಟದ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿದ್ದು, ಅಲ್ಲಿಂದ ರಜೆ ಹಾಕಿ ಕೋಲ್ಕತ್ತಾದ ದೊಡ್ಡ ಕ್ಲಬ್ಬಿಗೆ ಹೋದದ್ದು. ಕೋಲ್ಕತ್ತಾದ ಸುದ್ದಿ ಬಂದರೆ ಅವರ ಮುಖವೇ ಬೇರೆಯಾಗುತ್ತಿತ್ತು.

"ಅಲ್ಲಿ ಮಂದಿಗೆ ಚೆಂಡಿನ ಹುಚ್ಚು ಭಾಳ ರಿ ಮೇಡಂ. ಒಮ್ಮೆ ಖಾಲಿ ಗೋಲು ಮಿಸ್ ಮಾಡಿದ್ನಿ. ಮರುದಿನ ಮೀನು ತರಾಕ ಹೋದ್ರ, ಮೀನು ಮಾರಾಂವ ನನ್ನ ಮಾರಿ ನೋಡಿ, ನಿನಗ ಮೀನಿಲ್ಲ ಹೋಗು ಅಂದ. ಮುಂದಿನ ವಾರ ಗೋಲ್ ಹೊಡದ್ನಿ. ಮನಿಗೇ ತಂದು ಕೊಟ್ಟ, ಇಷ್ಟು ದೊಡ್ಡ ಮೀನಿನ ತಲಿ!"

"ಹಂಗಾರ ನೀವು ದಿನಾ ಮೀನು ತಿಂತಿದ್ರೋ, ಉಪವಾಸ ಇರ್ತಿದ್ರೋ?"

"ಹೆಚ್ಚು ಉಪವಾಸನ ರಿ. ಸೆಂಟರ್ ಫಾರ್ವರ್ಡ್ ಅಂದ್ರ ಹಂಗ. ಇಡೀ ಆಟದಾಗ ಒಂದೆರಡು ಸಲ ಛಾನ್ಸ್ ಸಿಗತೈತಿ. ಉಳಿದದ್ದೆಲ್ಲಾ ಬೈಗಳ."

ಅವರು ನಗುತ್ತಿದ್ದರು. ಗೋವಾದ ಕಥೆ ಬಂದಾಗ ಮಾತ್ರ ನಗು ನಿಲ್ಲುತ್ತಿತ್ತು. ಕೋಲ್ಕತ್ತಾ ಮುಗಿಸಿ ಗೋವಾದ ಕ್ಲಬ್ಬೊಂದಕ್ಕೆ ಸೇರಿ, ಅಲ್ಲಿ ಒಳ್ಳೆಯ ಹೆಸರು ಮಾಡಿದ್ದರು. ಒಂದು ಪಂದ್ಯವನ್ನು ಟೀವಿಯಲ್ಲಿ ತೋರಿಸಿದರು. ಅವರ ಅವ್ವ ಆವರೆಗೆ ಮಗನ ಒಂದೇ ಒಂದು ಆಟವನ್ನೂ ನೋಡಿರಲಿಲ್ಲ. ಗಂಡ ಸತ್ತಮೇಲೆ ರೈಲ್ವೆ ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಕೋಣೆಗೆ ಬಂದು, ನಾಲ್ಕು ಮನೆಯ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಪಕ್ಕದ ಮನೆಯವರು, ಬಾರಮ್ಮಾ ನಿನ್ನ ಮಗ ಟೀವಿಯಲ್ಲಿ ಬಂದಿದ್ದಾನೆ ಎಂದು ಎಳೆದುಕೊಂಡು ಹೋಗಿ ಕೂರಿಸಿದರಂತೆ. ಅವ್ವ ಕೂತು, ಆ ಅಷ್ಟು ಜನರಲ್ಲಿ ಮಗ ಯಾರೆಂದು ಗುರುತು ಹಿಡಿಯುವ ಹೊತ್ತಿಗೆ ಅವರು ನೆಲಕ್ಕೆ ಬಿದ್ದಿದ್ದರು. ಮೊಣಕಾಲು ಹೋದದ್ದು ಆವಾಗಲೇ. ನಾಲ್ಕು ಜನ ಬಂದು ಸ್ಟ್ರೆಚರಿನ ಮೇಲೆ ಎತ್ತಿಕೊಂಡು ಹೊರಗೆ ಒಯ್ದರು. ಅವ್ವ ನೋಡಿದ್ದು ಅದೊಂದನ್ನೇ.

"ಹೆಣ ಹೊತ್ತಂಗ ಹೊತ್ರು ಅಂತ ಇವತ್ತಿಗೂ ಅಳ್ತಾಳ್ರಿ. ನಾ ಎದುರಿಗೆ ಕುಂತು ರೊಟ್ಟಿ ತಿನ್ನಾಕತ್ತಿದ್ರೂ ಅಳ್ತಾಳ. ನನಗ ಮತ್ತೇನೂ ಬ್ಯಾಡ ಮೇಡಂ. ಒಂದು ಮ್ಯಾಚು. ನಮ್ಮವ್ವನ ಮುಂದ ಆಡಬೇಕು, ಆಮ್ಯಾಲೆ ನನ್ನ ಕಾಲ ಮ್ಯಾಲೆ ನಾನ ನಡಕೊಂತ ಹೊರಗ ಬರಬೇಕು. ಅಷ್ಟ."

ನಾನು ಮುಖ ತಿರುಗಿಸಿ ಕರೆಂಟಿನ ಪಟ್ಟಿ ಬಿಚ್ಚತೊಡಗಿದೆ. "ಮೊದಲು ಆ ಎಣ್ಣಿ ಹಚ್ಚೋದು ಬಿಡ್ರಿ, ಆಮ್ಯಾಲೆ ಮ್ಯಾಚು" ಎಂದು ಗದರಿಸಿದೆ.

ಕ್ಲಿನಿಕ್ಕಿನ ಒಡೆಯರಾಗಿದ್ದ ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ, ತೆಲುಗಿನಲ್ಲಿ "ಆಟ ಅಯಿಪೋಯಿಂದಮ್ಮಾ" ಎಂದಿದ್ದರು. ಆಟ ಮುಗಿಯಿತು ಎಂದು. ಮೂವತ್ತಮೂರು ದಾಟಿದ ಕಾಲು, ಕುರ್ಚಿಯ ಕೆಲಸ ಹೇಗೂ ಇದೆ, ನಡೆದಾಡುವಷ್ಟು ಮಾಡಿ ಕಳಿಸಿಬಿಡು ಎಂದರು. ಕತ್ತು ಎಳೆಸಿಕೊಳ್ಳುವ ಹುಡುಗರೂ ಅದನ್ನೇ ಬೇರೆ ಥರ ಹೇಳುತ್ತಿದ್ದರು. "ಅಣ್ಣಾ, ಒಂದು ಕಂಪ್ಯೂಟರ್ ಕೋರ್ಸ್ ಮಾಡ್ಬಿಡಿ, ಈಗ ಅದಕ್ಕೇ ಕಾಲ" ಎಂದು ಮೈಸೂರಿನ ಹುಡುಗನೊಬ್ಬ ಗದ್ದಕ್ಕೆ ಪಟ್ಟಿ ಕಟ್ಟಿಸಿಕೊಂಡೇ ಬುದ್ಧಿ ಹೇಳಿದ. ಅವರು ಅವನ ಕತ್ತನ್ನು, ತಮ್ಮ ಕಾಲನ್ನು ಒಂದು ಸಲ ನೋಡಿ ಊರುಗೋಲು ಎತ್ತಿಕೊಂಡರು. ನನಗೆ ಮಾತ್ರ ಹಟ ಬಂತು. ಯಾರಾದರೂ ಆಗುವುದಿಲ್ಲ ಎಂದರೆ ನನಗೆ ಹಾಗೆಯೇ.

ಎಣ್ಣೆಯ ವಿಷಯದಲ್ಲಿ ಒಂದು ಒಪ್ಪಂದವಾಯಿತು. ಗಾಯ ಒಣಗುವವರೆಗೆ ಮುಟ್ಟುವ ಹಾಗಿಲ್ಲ. ಒಣಗಿದ ಮೇಲೆ ಅವ್ವನ ಸಮಾಧಾನಕ್ಕೆ ತೊಡೆಗೆ ಮಾತ್ರ. ಒಪ್ಪಂದ ನಡೆಯಿತು, ಆದರೆ ತೊಡೆಗೆ ಹಚ್ಚಿದರೂ ವಾಸನೆ ವಾಸನೆಯೇ ಅಲ್ಲವೇ? ಅವರು ಹೋದಮೇಲೂ ಆ ಮಂಚ, ಆ ದಿಂಬು, ಆ ಕೋಣೆಯೆಲ್ಲ ಒಗ್ಗರಣೆ ಹಾಕಿದ ಹಾಗೆ ಘಮಘಮ. ಯಾರ ಮನೆಯಲ್ಲಿ ಸಾರು ಮಾಡ್ತಿದ್ದಾರೆ ಎಂದು ಹುಡುಗರು ಕೇಳುತ್ತಿದ್ದರು. ಅವರು ಮೆಟ್ಟಿಲು ಇಳಿದದ್ದೇ ತಡ, ನಾನು ಮೂಗು ಮುಚ್ಚಿಕೊಂಡು ಓಡಿಹೋಗಿ ರಸ್ತೆಯ ಕಡೆಯ ಕಿಟಕಿ ಧಡಾರನೆ ತೆಗೆಯುತ್ತಿದ್ದೆ. ಆ ಸದ್ದು ಕೆಳಗೆ ಅವರಿಗೆ ಕೇಳುತ್ತಿತ್ತು. ಬಸ್‌ಸ್ಟಾಪಿನಿಂದಲೇ ತಲೆ ಎತ್ತಿ ಕೈ ಬೀಸುತ್ತಿದ್ದರು.

ಕಾಲು ಚೆನ್ನಾಗಿಯೇ ಕೂಡುತ್ತಿತ್ತು. ಊರುಗೋಲು ಒಂದಕ್ಕೆ ಇಳಿದಿತ್ತು. ಆಗ ಆಯಿತು ನೋಡಿ ಆ ಎಡವಟ್ಟು. ನಮ್ಮಲ್ಲಿ ಸೊಂಟನೋವಿನವರನ್ನು ಕೂರಿಸಲು ಒಂದು ದೊಡ್ಡ ನೀಲಿ ರಬ್ಬರು ಚೆಂಡಿತ್ತು. ಅದರ ಮೇಲಿದ್ದ ಹುಡುಗಿಯೊಬ್ಬಳು ಫೋನು ಬಂತೆಂದು ಎದ್ದಳು. ಚೆಂಡು ಉರುಳಿತು. ಮೆಲ್ಲಗೆ, ನೆಲದ ಇಳಿಜಾರು ಹಿಡಿದು, ಬಾಗಿಲ ಹತ್ತಿರ ನಿಂತಿದ್ದ ಅವರ ಕಡೆಗೇ ಬಂತು. ನಾನು ದೂರದಿಂದ ನೋಡುತ್ತಿದ್ದೆ. ಅವರ ಕಣ್ಣು ಬದಲಾದದ್ದು ಕಂಡಿತು. ಬ್ಯಾಡ್ರೀ ಎಂದು ಕೂಗಬೇಕೆನ್ನುವಷ್ಟರಲ್ಲಿ ಊರುಗೋಲು ಒಂದು ಕಡೆ ಹಾರಿ, ಆಪರೇಷನ್ ಆದ ಅದೇ ಬಲಗಾಲು ಬೀಸಿ ಚೆಂಡಿಗೆ ಬಡಿಯಿತು. ಚೆಂಡು ಹೋಗಿ ಗೋಡೆಯಲ್ಲಿದ್ದ ಬೆನ್ನುಮೂಳೆಯ ಚಿತ್ರಪಟವನ್ನು ಕೆಡವಿತು. ಅವರು ಅಲ್ಲೇ ಕುಸಿದರು.

ಯಂತ್ರದಲ್ಲಿದ್ದ ಹುಡುಗನೊಬ್ಬ ಸೂರು ನೋಡುತ್ತಲೇ, "ಗೋಲಾ?" ಎಂದು ಕೇಳಿದ. ಅವನಿಗೂ ಬೈದೆ.

ಮೊಣಕಾಲು ಅರ್ಧ ಗಂಟೆಯಲ್ಲಿ ಊದಿ ಕುಂಬಳಕಾಯಿ ಆಯಿತು. ಮಂಜುಗಡ್ಡೆ ಕಟ್ಟುತ್ತ ನಾನು ಬೈದ ಬೈಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಬುದ್ಧಿ ಐತೇನು, ಅಷ್ಟು ದಿನದ ನನ್ನ ಕೆಲಸ ನೀರಿಗೆ ಹಾಕಿದ್ರಲ್ಲ, ನಿಮ್ಮವ್ವನ ಮುಂದ ಮತ್ತ ಸ್ಟ್ರೆಚರ್ ಹತ್ತಬೇಕಂತ ಮಾಡೀರೇನು ಎಂದೆ. ಅವರು ಅಷ್ಟು ಹೊತ್ತು ತಲೆ ತಗ್ಗಿಸಿಯೇ ಕೂತಿದ್ದರು.

"ಚೆಂಡು ಬಂತ್ರಿ ಮೇಡಂ... ಕಾಲು ನನ್ನ ಕೇಳಲಿಲ್ಲ."

ಅಂಥ ದೊಡ್ಡ ಆಳಿನ ಕಣ್ಣಲ್ಲಿ ನೀರು. ಮಂಜುಗಡ್ಡೆಯ ಪಟ್ಟಿಯನ್ನು ಇನ್ನೊಂದು ಸುತ್ತು ಸುತ್ತಿದೆ. ಹೊಸದಾಗಿ ಹಾಕಿದ ಹುರಿ ಹರಿಯಲಿಲ್ಲ ಎಂದು ಎರಡು ದಿನದ ನಂತರ ಗೊತ್ತಾದಾಗ ನಾನು ದೇವರಿಗೆ ಕಾಯಿ ಒಡೆಸಿದೆ. ಅದನ್ನು ಅವರಿಗೆ ಹೇಳಲಿಲ್ಲ.

ಆದರೆ ಕಾಲು ಕೇಳಲಿಲ್ಲ ಎಂಬ ಆ ಮಾತು ನನ್ನ ತಲೆಯಲ್ಲಿ ಕೂತಿತು. ಈ ಮನುಷ್ಯನ ಕಾಲಿಗೆ ಬಲ ತುಂಬುವುದು ದೊಡ್ಡ ಮಾತಲ್ಲ, ಚೆಂಡು ಬಂದರೆ ಬಿಡುವುದನ್ನು ಕಲಿಸಬೇಕು. ಊತ ಇಳಿದ ಮೇಲೆ ನಾನೇ ಒಂದು ಹೊಸ ವ್ಯಾಯಾಮ ಹುಟ್ಟುಹಾಕಿದೆ. ಅವರು ಬಲಗಾಲೊಂದರ ಮೇಲೆ ನಿಲ್ಲಬೇಕು. ನಾನು ಒಂದು ಫುಟ್‌ಬಾಲನ್ನು ಅವರ ಮುಂದೆ, ಪಕ್ಕದಲ್ಲಿ ಉರುಳಿಸಬೇಕು. ಅವರು ಅದನ್ನು ನೋಡಬೇಕು, ಮುಟ್ಟಬಾರದು. ಹೋಗಲು ಬಿಡಬೇಕು.

"ಇದೆಂಥಾ ಶಿಕ್ಷಾ ರಿ? ಉಪವಾಸ ಇದ್ದಾಂವನ ಮುಂದ ಬಿರ್ಯಾನಿ ತಾಟು ಸರಿಸ್ಯಾಡಿದಂಗ ಆತು."

"ಸುಮ್ಮನ ನಿಲ್ರಿ. ಬಿಡ್ರಿ ಅದನ್ನ. ಹೋಗ್ಲಿ."

ಮೊದಮೊದಲು ಆಗಲೇ ಇಲ್ಲ. ಚೆಂಡು ಹತ್ತಿರ ಬಂದರೆ ಎಡಗಾಲು ತಾನಾಗಿ ಚಿಮ್ಮುತ್ತಿತ್ತು, ತೂಕ ತಪ್ಪಿ ನನ್ನ ಹೆಗಲ ಮೇಲೆ ಬೀಳುತ್ತಿದ್ದರು. ದಿನ ಕಳೆದಂತೆ ಕಾಲು ಸುಮ್ಮನಾಯಿತು, ಮೈ ಮಾತ್ರ ನಡುಗುತ್ತಿತ್ತು. ಆಮೇಲೆ ಅದೂ ನಿಂತಿತು. ಒಂದು ಸಂಜೆ ಎಷ್ಟು ಸಲ ಉರುಳಿಸಿದರೂ ಅವರು ಕಂಬದ ಹಾಗೆ ನಿಂತು, ಚೆಂಡು ಹೋಗುವುದನ್ನು ನೋಡಿ ಮುಗುಳ್ನಕ್ಕರು. ಕತ್ತಿನ ಹುಡುಗರು ಮಲಗಿದಲ್ಲಿಂದಲೇ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಓಟ, ತಿರುವು, ಜಿಗಿತ... ಮಳೆಗಾಲ ಹೋಗಿ ಚಳಿ ಬರುವ ಹೊತ್ತಿಗೆ ಅವರು ತಮ್ಮ ಕಚೇರಿಯ ತಂಡದ ಜೊತೆ ಮೈದಾನಕ್ಕಿಳಿದಿದ್ದರು. ಎಕ್ಸ್‌ರೇ ನೋಡಿ ಆಟ ಮುಗಿಯಿತು ಎಂದಿದ್ದ ದೊಡ್ಡ ಡಾಕ್ಟರು ಈಗ ಅವರ ಭುಜ ತಟ್ಟಿ ಒಳಗೆ ಹೋದರು.

ಪಂದ್ಯದ ದಿನ ನಾನು ರಜೆ ಹಾಕಿದೆ. ಊರ ಲೀಗಿನ ಒಂದು ಸಾಧಾರಣ ಆಟ. ಹಳೆಯ ಸ್ಟೇಡಿಯಮ್ಮಿನ ಮೆಟ್ಟಿಲುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು, ಬಿಸಿಲಿಗೆ ಕರವಸ್ತ್ರ ಹಾಕಿಕೊಂಡ ಮುದುಕರೇ ಹೆಚ್ಚು. ಕೋಲ್ಕತ್ತಾದಲ್ಲಿ ಲಕ್ಷ ಜನದ ಮುಂದೆ ಆಡಿದ ಮನುಷ್ಯ ಇಲ್ಲಿ ಕಡಲೆಕಾಯಿ ಸಿಪ್ಪೆಯ ನಡುವೆ ಆಡಬೇಕಲ್ಲ ಎಂದು ನನಗೆ ಸಂಕಟ. ಅವರ ಅವ್ವ ನನ್ನ ಪಕ್ಕದಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು, ಮಡಿಲಲ್ಲಿ ಎಣ್ಣೆಯ ಬಾಟಲಿ ಇಟ್ಟುಕೊಂಡು ಕೂತಿದ್ದರು. ಸಣ್ಣ ಜೀವ, ಒಂದು ಮುಷ್ಟಿಯಷ್ಟು ಮುಖ.

"ನನ್ನ ಮಗಾ ಯಾವಾಂವ ಡಾಕ್ಟರಬಾಯಿ?"

ಒಂಬತ್ತು ನಂಬರಿನ ಹಸಿರು ಅಂಗಿ ಎಂದು ತೋರಿಸಿದೆ. ಆಮೇಲೆ ಅವರು ಚೆಂಡನ್ನು ನೋಡಲೇ ಇಲ್ಲ. ಆಟ ಈ ಕಡೆ ನಡೆದರೂ ಆ ಕಡೆ ನಡೆದರೂ ಅವರ ಕಣ್ಣು ಆ ಒಂಬತ್ತರ ಮೇಲೆಯೇ.

ಮೊದಲರ್ಧ ಏನೂ ಆಗಲಿಲ್ಲ. ಅವರಿಗೆ ಮೊದಲಿನ ವೇಗ ಇಲ್ಲ ಎಂಬುದು ನನಗೂ ತಿಳಿಯುತ್ತಿತ್ತು. ಹಿಂದೆ ಕೂತ ಮುದುಕರೊಬ್ಬರು, "ಅರೇ, ಬುಡ್ಢಾ ಹೋಗಯಾ ಮಿಯಾ" ಎಂದರು, ಮುದುಕನಾಗಿಬಿಟ್ಟ ಎಂದು. ನಾನು ತಿರುಗಿ ಕಣ್ಣು ಬಿಟ್ಟೆ. ಎರಡನೆಯ ಅರ್ಧದಲ್ಲಿ ಬಲಗಡೆಯಿಂದ ಒಂದು ಚೆಂಡು ನೆಲ ಸವರಿಕೊಂಡು ಗೋಲಿನ ಮುಂದೆ ಬಂತು, ನೇರ ಅವರ ಕಾಲಿಗೆ. ಗೋಲ್‌ಕೀಪರ್ ಅವರ ಮೇಲೆ ಹಾರಲು ತಯಾರಾದ. ಎದುರಾಳಿಗಳಿಬ್ಬರು ಅವರತ್ತಲೇ ನುಗ್ಗಿದರು. ಎಲ್ಲರಿಗೂ ಗೊತ್ತು, ಹೊಡೆಯುತ್ತಾರೆ. ನಾನು ಉಸಿರು ಬಿಗಿಹಿಡಿದೆ. ಅವರು ಬಲಗಾಲ ಮೇಲೆ ನಿಂತರು. ಎಡಗಾಲು ಎತ್ತಿದರು. ಚೆಂಡನ್ನು ಹೋಗಲು ಬಿಟ್ಟರು...

ಅದು ಕಾಲ ಕೆಳಗಿಂದ ದಾಟಿ, ಹಿಂದೆ ಒಬ್ಬಂಟಿಯಾಗಿ ಓಡಿಬರುತ್ತಿದ್ದ ಜೊತೆಗಾರನಿಗೆ ಸಿಕ್ಕಿತು. ಗೋಲ್‌ಕೀಪರ್ ಈ ಕಡೆ, ಚೆಂಡು ಆ ಕಡೆ. ಗೋಲು!

ನಾನು ಎದ್ದು ನಿಂತು ಕೂಗಿದ ಕೂಗಿಗೆ ಮುದುಕರೆಲ್ಲ ತಿರುಗಿ ನೋಡಿದರು. ನಮ್ಮ ಕ್ಲಿನಿಕ್ಕಿನ ವ್ಯಾಯಾಮವದು ಎಂದು ಯಾರಿಗೆ ಹೇಳಲಿ? ಅವರು ಮೈದಾನದ ನಡುವಿನಿಂದಲೇ ಮೆಟ್ಟಿಲ ಕಡೆ ತಿರುಗಿ ತಮ್ಮ ಬಲ ಮೊಣಕಾಲನ್ನು ಎರಡು ಸಲ ತಟ್ಟಿ ತೋರಿಸಿದರು. ಅದು ನನಗೆ ಎಂದು ನನಗೆ ಗೊತ್ತಾಯಿತು. ಸಂತೋಷಕ್ಕೆ ಅಳು ಬಂತು.

"ನನ್ನ ಮಗಾ ಯಾಕ ಒದೀಲಿಲ್ಲಬೇ?" ಎಂದು ಅವ್ವ ಕೇಳಿದರು.

"ಬಿಟ್ಟದ್ದಕ್ಕ ಗೋಲ್ ಆತು ಯವ್ವಾ! ಬಿಟ್ಟದ್ದಕ್ಕ!"

ಅವರಿಗೆ ಅದು ಮುಖ್ಯ ಎನಿಸಲಿಲ್ಲ. ಮತ್ತೆ ಒಂಬತ್ತರ ಕಡೆ ತಿರುಗಿದರು.

ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿರುವಾಗ ಎದುರಾಳಿಯೊಬ್ಬ ಹಿಂದಿನಿಂದ ಬಂದು ಕಾಲು ಅಡ್ಡ ಹಾಕಿದ. ಅವರು ಮುಗ್ಗರಿಸಿ ಬಿದ್ದರು. ಬಿದ್ದವರು ಏಳಲಿಲ್ಲ. ಬಲಗಾಲು ಹಿಡಿದುಕೊಂಡು ಒಂದು ಕಡೆ ಹೊರಳಿದರು. ಆಚೆ ಬದಿಯಿಂದ ಇಬ್ಬರು ಸ್ಟ್ರೆಚರ್ ಹಿಡಿದು ಓಡಿದರು. ನನ್ನ ಪಕ್ಕದಲ್ಲಿ ಅವ್ವ ಎದ್ದು ನಿಂತಿದ್ದರು. ನನ್ನ ತೋಳನ್ನು ಹಿಡಿದ ಅವರ ಉಗುರು ಒಳಗೆ ಇಳಿಯುತ್ತಿತ್ತು. ಎಲ್ಲ ಮುಗಿಯಿತು, ಮತ್ತೆ ಅದೇ ನೋಡಬೇಕಾಯಿತಲ್ಲ ದೇವರೇ ಎಂದುಕೊಂಡೆ.

ಸ್ಟ್ರೆಚರಿನವರು ಅದನ್ನು ಅವರ ಪಕ್ಕ ಹಾಸಿದರು. ಅವರು ಕೈ ಎತ್ತಿ ಬೇಡ ಎಂದರು. ಎದ್ದು ಕೂತರು. ಕಾಲನ್ನು ನೀಡಿ, ಮಡಿಸಿ, ನಾನು ಕಲಿಸಿದ ಹಾಗೆಯೇ ಬೆರಳಿನಿಂದ ಒತ್ತಿ ನೋಡಿಕೊಂಡರು. ಮೀನಖಂಡ ಹಿಡಿದಿತ್ತು, ಅಷ್ಟೇ. ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. ಎದ್ದು ನಿಂತರು. ಬದಲಿ ಆಟಗಾರನನ್ನು ಕಳಿಸಿ ಎಂದು ಸನ್ನೆ ಮಾಡಿದರು.

ಹೊರಗೆ ಹೋಗಲು ಹತ್ತಿರದ ಗೆರೆ ಆಚೆ ಬದಿಯಲ್ಲಿತ್ತು, ಹತ್ತು ಹೆಜ್ಜೆ ಅಷ್ಟೇ. ಅವರ ತಂಡವೂ ಅಲ್ಲೇ ಕೂತಿತ್ತು. ಅವರು ಆ ಕಡೆಗೆ ಬೆನ್ನು ಹಾಕಿ ನಾವು ಕೂತಿದ್ದ ಕಡೆಗೆ ಹೊರಟರು. ಇಡೀ ಮೈದಾನ ಅಡ್ಡ ದಾಟಿಕೊಂಡು, ಸ್ವಲ್ಪ ಕುಂಟುತ್ತ, ಒಂದೊಂದೇ ಹೆಜ್ಜೆ. ಗೆಲ್ಲುತ್ತಿರುವ ತಂಡದವನು ಬೇಕಂತಲೇ ಹೊತ್ತು ಕಳೆಯುತ್ತಿದ್ದಾನೆ ಎಂದು ಎದುರಾಳಿಗಳು ಕೂಗಾಡಿದರು. ರೆಫರಿ ಸೀಟಿ ಊದಿದ. ಹಿಂದೆಯೇ ಓಡಿಬಂದು ಹಳದಿ ಕಾರ್ಡು ಎತ್ತಿ ತೋರಿಸಿದ. ಅವರು ನಿಂತು, ರೆಫರಿಗೆ ತಲೆ ಬಗ್ಗಿಸಿ, ಮತ್ತೆ ನಡೆದರು. ಹಿಂದಿನ ಮುದುಕರಿಗೆ ಏನು ತಿಳಿಯಿತೋ, ಒಬ್ಬೊಬ್ಬರಾಗಿ ಎದ್ದು ಚಪ್ಪಾಳೆ ಹೊಡೆಯತೊಡಗಿದರು. ಬುಡ್ಢಾ ಎಂದಿದ್ದವರೂ ಹೊಡೆದರು.

ಗೆರೆ ದಾಟಿ, ಕಟಕಟೆಯ ಹತ್ತಿರ ಬಂದು ನಿಂತು ಅವ್ವನನ್ನು ನೋಡಿದರು. ನನಗೆ ಏನಾದರೂ ದೊಡ್ಡ ಮಾತು ಬರುತ್ತದೆ ಎನಿಸಿತ್ತು. ಅವ್ವ ಮಗನ ಕಾಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ನಡಕೊಂತ ಬಂದ್ಯಲ್ಲೋ ನನ್ನಪ್ಪಾ" ಎಂದರು. ಆಮೇಲೆ ಬಾಟಲಿಯ ಬಿರಡೆ ಬಿಚ್ಚಿದರು. ಆ ದಿನ ನಾನು ಬೇಡ ಎನ್ನಲಿಲ್ಲ.

ಅದೇ ಅವರ ಕೊನೆಯ ಆಟ. ಇನ್ನೂ ಒಂದೆರಡು ವರ್ಷ ಆಡಬಹುದಿತ್ತು, ನಾನೇ ಹೇಳಿದೆ. ಅವರು ಸಾಕು ಎಂದರು. ಸಿಹಿ ಹಂಚಲು ಕ್ಲಿನಿಕ್ಕಿಗೆ ಬಂದಾಗ ಕಚೇರಿಯ ಕಥೆ ಹೇಳಿ ನಗಿಸಿದರು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಹೋಗಿ ನನ್ನ ಕುರ್ಚಿ ಯಾವುದು ಎಂದು ಕೇಳಿದರೆ, ಅದರ ಮೇಲೆ ಯಾರದೋ ಟಿಫಿನ್ ಡಬ್ಬಿ ಇತ್ತಂತೆ. ಕೂತು ಕೂತು ಸೊಂಟ ನೋವು ಬಂದರೆ ನಿಮ್ಮ ಹತ್ತಿರವೇ ಬರುತ್ತೇನೆ ಎಂದರು. ಬರಲಿಲ್ಲ. ಸಂಜೆಹೊತ್ತು ಉಪ್ಪಲ್ ಕಡೆ ಮಕ್ಕಳಿಗೆ ಆಟ ಕಲಿಸುತ್ತಿದ್ದಾರೆ ಎಂದು ಯಾರೋ ಹೇಳಿದರು. ಒಂದೆರಡು ಯುಗಾದಿಗೆ ಫೋನು ಬಂತು. ಆಮೇಲೆ ನಂಬರುಗಳು ಬದಲಾದವು, ಊರು ಎಲ್ಲ ಕಡೆಗೂ ಬೆಳೆಯಿತು, ದೊಡ್ಡ ಡಾಕ್ಟರು ತೀರಿಕೊಂಡು ಕ್ಲಿನಿಕ್ಕು ನನ್ನದಾಯಿತು. ದಿನಗಳು ಹಾಗೇ ಹೋದವು...

ಮೊನ್ನೆ ಬಂದ ಹುಡುಗಿಯನ್ನು ಅದೇ ಮಂಚದ ಮೇಲೆ ಕೂರಿಸಿ ಬಟ್ಟೆ ಬಿಚ್ಚಿದೆ. ಹೊಲಿಗೆ ಪೂರ್ತಿ ಒಣಗಿತ್ತು. ಎಣ್ಣೆ ಇದ್ದದ್ದು ತೊಡೆಗೆ ಮಾತ್ರ. ಯಾರು ಹೇಳಿಕೊಟ್ಟರು ಎಂದು ಕೇಳಬೇಕಾಗಿಯೇ ಇರಲಿಲ್ಲ, ಆದರೂ ಕೇಳಿದೆ.

"ನಮ್ಮ ಸರ್ ರಿ. ಗಾಯದ ಮ್ಯಾಲೆ ಹಚ್ಚಬ್ಯಾಡ, ಮೇಡಂ ಬೈತಾರ ಅಂತಿದ್ರು. ಮೊಣಕಾಲಿಗೆ ಏನರ ಆದ್ರ ನಾರಾಯಣಗೂಡದ ಮೇಡಂ ಹಂತೇಕನ ಹೋಗ್ರಿ ಅಂತ ಎಲ್ಲಾ ಹುಡುಗ್ಯಾರಿಗೂ ಹೇಳಿದ್ರು."

ಉಪ್ಪಲ್‌ನಲ್ಲಿ ಕಟ್ಟಡ ಕೆಲಸ ಮಾಡುವ ರಾಯಚೂರಿನವರ ಮಗಳು ಅವಳು. ಅಲ್ಲಿಯ ಹುಡುಗಿಯರ ತಂಡದ ಸೆಂಟರ್ ಫಾರ್ವರ್ಡ್. ಹಾಗೆಯೇ ಅಂದಳು, ಸ್ಟ್ರೈಕರ್ ಎನ್ನಲಿಲ್ಲ. ಸರ್ ಹೇಗಿದ್ದಾರೆ ಎಂದು ಕೇಳಿದೆ. ಅವಳು ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದಳು.

ಹೋದ ವರ್ಷ ದಸರೆ ಕಳೆದ ಮೇಲೆ, ಸಂಜೆ ಆಟ ಕಲಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತರಂತೆ. ಹುಡುಗಿಯರೇ ಆಟೊ ಹತ್ತಿಸಿ ಆಸ್ಪತ್ರೆಗೆ ಒಯ್ದರು. ಬಾಗಿಲಲ್ಲಿ ಸ್ಟ್ರೆಚರ್ ತಂದರು. "ಬ್ಯಾಡ, ನಾ ನಡೀತೀನಿ ಅಂದ್ರು ರಿ. ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಒಳಗ ನಡಕೊಂತ ಹೋದ್ರು." ಮತ್ತೆ ಹೊರಗೆ ಬರಲಿಲ್ಲ. ಅವರ ಅವ್ವ ಅದಕ್ಕೂ ಎಷ್ಟೋ ಮೊದಲೇ ತೀರಿಕೊಂಡಿದ್ದರಂತೆ. ಅಷ್ಟಾದರೂ ಪುಣ್ಯ.

ಎದೆನೋವು ಬಂದವರು ಒಂದು ಹೆಜ್ಜೆಯೂ ನಡೆಯಬಾರದು. ಯಾವ ಡಾಕ್ಟರಾದರೂ ಬೈಯುತ್ತಾರೆ. ನಾನೂ ಮನಸ್ಸಿನೊಳಗೇ ಬೈದೆ. ಬುದ್ಧಿ ಐತೇನ್ರಿ ನಿಮಗ, ಆವತ್ತು ಮೈದಾನದಾಗ ನಡದದ್ದು ಸಾಲಲಿಲ್ಲೇನು, ನಿಮ್ಮವ್ವ ಅಲ್ಲಿ ನೋಡಾಕ ಇರಲಿಲ್ಲಲ್ರಿ... ಬೈಯುತ್ತ ಬೈಯುತ್ತ ಹುಡುಗಿಯ ಮೊಣಕಾಲು ಮಡಿಸಿದೆ. ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ.

"ಮೇಡಂ, ನಾ ಮತ್ತ ಆಡ್ತೀನೇನ್ರಿ?"

"ಆಡದ ಮತ್ತೇನ್ ಮಾಡ್ತಿ? ಇಳಿ ಕೆಳಗ. ಈ ಕಂಬಿ ಹಿಡಕೊಂಡು ಒಳ್ಳೆ ಕಾಲ ಮ್ಯಾಲೆ ನಿಲ್ಲು."

ಕಪಾಟಿನಿಂದ ಚೆಂಡು ತೆಗೆದು ಅವಳ ಮುಂದೆ ಮೆಲ್ಲಗೆ ಉರುಳಿಸಿದೆ. ಮುಟ್ಟಬೇಡ, ಹೋಗಲು ಬಿಡು ಎಂದೆ. ಅವಳು ಒಂದು ಕ್ಷಣವೂ ಅಲುಗದೆ, ಕಂಬದ ಹಾಗೆ ನಿಂತು, ಅದು ಹೋಗುವುದನ್ನು ನೋಡಿದಳು. ಇದನ್ನೂ ಸರ್ ಕಲಿಸಿದ್ದರು ರಿ ಎಂದಳು.

ಅವಳ ಅಪ್ಪ ಕೆಳಗೆ ಆಟೊದಲ್ಲಿ ಕಾಯುತ್ತಿದ್ದ. ನಾಡಿದ್ದು ಬಾ, ಆ ಎಣ್ಣೆ ಹಚ್ಚಿಕೊಂಡು ಬರಬೇಡ, ಕ್ಲಿನಿಕ್ಕೆಲ್ಲ ನಾರುತ್ತದೆ ಎಂದು ಬೈದು ಕಳಿಸಿದೆ. ಊರುಗೋಲಿನ ಸದ್ದು ಮೆಟ್ಟಿಲಿಳಿದು ಹೋಯಿತು. ಅಭ್ಯಾಸಬಲದಿಂದ ನಾನು ರಸ್ತೆಯ ಕಡೆಯ ಕಿಟಕಿಗೆ ಹೋಗಿ ಚಿಲಕಕ್ಕೆ ಕೈ ಹಾಕಿದೆ. ಕೋಣೆ ತುಂಬ ಬೆಳ್ಳುಳ್ಳಿ, ಅಜವಾನ, ಕರ್ಪೂರ.

ಕಿಟಕಿ ತೆಗೆಯಲಿಲ್ಲ.